ಹೆಗಲಿನ ಹತ್ರ ಹದಿನೆಂಟೂ ಕಾಲು ಇಂಚು: ನಮ್ಮ ಇಂಡಿ ನಾಯಿ 16 ಹಾರ್ಬೇಕಾ, 20 ಹಾರ್ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿದೀವಿ. ಬೆಂಗಳೂರಲ್ಲಿ ಬೀದಿಯಿಂದ ಎತ್ಕೊಂಡು ಸಾಕಿದ್ದ ಹೆಣ್ಣು ಇಂಡಿ (ನಮ್ಮ ನಾಡ ತಳಿ) ನಾಯಿ ಚುಕ್ಕಿನ ಇಲ್ಲಿಗೆ ಬರುವಾಗ ಜೊತೆಗೇ ಕರ್ಕೊಂಡು ಬಂದ್ವಿ. ಈಗ ಅವಳಿಗೆ ಸುಮಾರು ಮೂರು ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಒಂದು ವರ್ಷದಿಂದ ಅಜಿಲಿಟಿ (ನಾಯಿನ ಬಾರ್, ಟನಲ್ ಥರದ ಅಡೆತಡೆ ದಾಟಿಸಿ ಓಡಿಸೋ ಆಟ) ಕ್ಲಾಸಿಗೆ ಹೋಗ್ತಿದೀವಿ, ಟೀಚರ್ ಈಗ ಎ.ಕೆ.ಸಿ. (ಅಮೆರಿಕನ್ ಕೆನಲ್ ಕ್ಲಬ್) ಟ್ರಯಲ್‌ಗೆ, ಅಂದ್ರೆ ಸ್ಪರ್ಧೆಗೆ, ಎಂಟ್ರಿ ಹಾಕಿ ಅಂತಿದಾರೆ. ಬ್ರೀಡ್ ಇಲ್ಲದ ನಾಯಿಗೆ ಅವಕಾಶ ಇದೆಯಾ? ಫಾರ್ಮಲ್ಲಿ ಜಂಪ್ ಹೈಟ್ ಏನು ಬರೀಬೇಕು? ಮನೇಲಿ ಟೇಪ್ ಹಿಡಿದ್ರೆ ಒಂದ್ಸಲ 18 ಬರತ್ತೆ, ಇನ್ನೊಂದ್ಸಲ ಹದಿನೆಂಟೂ ಕಾಲು. ಕ್ಲಾಸಲ್ಲಿ 16 ಆರಾಮಾಗಿ ಹಾರ್ತಾಳೆ, 20 ಇಟ್ರೆ ಆಗಾಗ ಬಾರ್ ಬೀಳಿಸ್ತಾಳೆ. ಬಾರ್ ಕಮ್ಮಿ ಇಡೋ ಪ್ರಿಫರ್ಡ್ ಕ್ಲಾಸಿಗೆ ಹಾಕಿ ಅಂತ ಒಬ್ರು ಹೇಳಿದ್ರು, ಆದ್ರೆ ಅದು ವಯಸ್ಸಾದ ನಾಯಿಗಳಿಗೆ ಅಂತ ನಮ್ಮ ಯಜಮಾನ್ರು ಒಪ್ತಿಲ್ಲ. ಮತ್ತೆ ಶನಿವಾರ ಭಾನುವಾರ ಎರಡೂ ದಿನ ಹಾಕೋದಾ?

ಉತ್ತರ: ನಮಸ್ಕಾರ ಮೇಡಂ. ಮೊದಲನೇ ಪ್ರಶ್ನೆಗೆ ಉತ್ತರ ಚಿಕ್ಕದು, ಖಂಡಿತ ಅವಕಾಶ ಇದೆ. 2010ರಿಂದ ಮಿಶ್ರ ತಳಿ ನಾಯಿಗಳೂ ಎ.ಕೆ.ಸಿ. ಅಜಿಲಿಟಿಲಿ ಓಡ್ತಿವೆ. ಕೆನೈನ್ ಪಾರ್ಟ್‌ನರ್ಸ್ ಅಂತ ಅವರದೇ ಒಂದು ಪ್ರೋಗ್ರಾಂ ಇದೆ, ಅದರಲ್ಲಿ ಚುಕ್ಕಿ ಹೆಸರು ಸೇರಿಸಿದ್ರೆ ಒಂದು ನಂಬರ್ ಕೊಡ್ತಾರೆ, ಎಂಟ್ರಿ ಫಾರ್ಮಲ್ಲಿ ಬರೆಯೋದು ಆ ನಂಬರನ್ನೇ. ಹುಟ್ಟಿದ ದಿನ ಗೊತ್ತಿಲ್ಲ ಅಂತ ಹೆದರಬೇಡಿ, ಬೀದಿಯಿಂದ ಬಂದ ನಾಯಿಗಳಿಗೆ ಅಂದಾಜಿನ ತಾರೀಖೇ ಬರೆಯೋದು, ವೆಟ್ ರೆಕಾರ್ಡ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ, ಎಲ್ಲಾ ಕಡೆ ಒಂದೇ ಥರ ಇರ್ಲಿ. ಟ್ರಯಲ್‌ಗೆ ಕನಿಷ್ಠ ವಯಸ್ಸು 15 ತಿಂಗಳು, ಚುಕ್ಕಿ ಅದನ್ನ ಯಾವಾಗ್ಲೋ ದಾಟಿದಾಳೆ. ಆಪರೇಷನ್ ಆಗಿರೋದ್ರಿಂದ ಇನ್ನೊಂದು ತೊಂದರೇನೂ ಇಲ್ಲ, ಹೀಟ್‌ನಲ್ಲಿರೋ (ಬೆದೆಗೆ ಬಂದ) ಹೆಣ್ಣು ನಾಯಿನ ಎ.ಕೆ.ಸಿ. ಟ್ರಯಲ್ಲಲ್ಲಿ ಓಡಿಸೋ ಹಾಗಿಲ್ಲ, ಆಪರೇಷನ್ ಆಗದ ನಾಯಿ ಸಾಕಿರೋರು ಆ ಲೆಕ್ಕ ನೋಡ್ಕೊಂಡೇ ಎಂಟ್ರಿ ಹಾಕ್ಬೇಕು.

ಈಗ ಹೈಟ್ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊಸಬರು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

ನಾಯಿ ಎಷ್ಟು ಎತ್ತರ ಇದೆ ಅನ್ನೋದೇ ಬೇರೆ, ಅದು ಹಾರಬೇಕಾದ ಬಾರಿನ ಎತ್ತರಾನೇ ಬೇರೆ, ಎರಡೂ ಒಂದೇ ನಂಬರ್ ಅಲ್ಲ. ಎ.ಕೆ.ಸಿ. ರೆಗ್ಯುಲರ್ ಕ್ಲಾಸಲ್ಲಿ ಹೆಗಲಿನ ಹತ್ರ 11 ಇಂಚು ಅಥವಾ ಅದಕ್ಕಿಂತ ಕಮ್ಮಿ ಇರೋ ನಾಯಿ 8 ಇಂಚು ಹಾರತ್ತೆ, 14ರವರೆಗೆ ಇದ್ರೆ 12, 18ರವರೆಗೆ ಇದ್ರೆ 16, 22ರವರೆಗೆ ಇದ್ರೆ 20, ಅದಕ್ಕಿಂತ ಮೇಲಿದ್ರೆ 24. ಹೆಗಲು ಅಂದಾಗ ಅಳೆಯೋ ಜಾಗ ವಿದರ್ಸ್, ಅಂದ್ರೆ ಕುತ್ತಿಗೆ ಮುಗಿದು ಬೆನ್ನು ಶುರುವಾಗೋ ಕಡೆ ಎರಡು ಭುಜದ ಮೂಳೆಗಳ ತುದಿ ಬರತ್ತಲ್ಲ, ಅದರ ಅತಿ ಎತ್ತರದ ಭಾಗ. ತಲೆಯಲ್ಲ, ನಡು ಬೆನ್ನೂ ಅಲ್ಲ. ಪ್ರಿಫರ್ಡ್ ಕ್ಲಾಸಲ್ಲೂ ನಾಯಿಯ ಅಳತೆಯ ಗೆರೆಗಳು ಇವೇ, ಬಾರ್ ಮಾತ್ರ ಪ್ರತಿಯೊಂದಕ್ಕೂ 4 ಇಂಚು ಕಮ್ಮಿ, ಅಂದ್ರೆ 4, 8, 12, 16, 20.

ಈ ಗೆರೆಗಳನ್ನ ಸುಮ್ನೆ ಬಾಯಿಪಾಠ ಮಾಡೋದಕ್ಕಿಂತ ನಿಮ್ಮ ನಾಯಿಗೆ ಇದರ ಅರ್ಥ ಏನು ಅಂತ ನೋಡಿ. ಚುಕ್ಕಿ ಸರಿಯಾಗಿ 18 ಬಂದ್ಲು ಅಂತಿಟ್ಕೊಳ್ಳಿ, ಆಗ ಅವಳ ಬಾರ್ 16, ಅಂದ್ರೆ ಹೆಗಲಿಗಿಂತ ಎರಡು ಇಂಚು ಕೆಳಗೆ. ಅದೇ ಹದಿನೆಂಟೂ ಕಾಲು ಬಂದ್ಲು ಅಂದ್ರೆ ಬಾರ್ 20, ಹೆಗಲಿಗಿಂತ ಒಂದೂ ಮುಕ್ಕಾಲು ಇಂಚು ಮೇಲೆ. ನಾಯಿ ಬೆಳೆದಿದ್ದು ಕಾಲು ಇಂಚು, ಬಾರ್ ಏರಿದ್ದು ನಾಲ್ಕು ಇಂಚು. ಅದೇ 22 ಇಂಚಿನ ನಾಯಿನೂ ಅದೇ 20 ಹಾರತ್ತೆ, ಅದಕ್ಕೆ ಆ ಬಾರ್ ಹೆಗಲಿಗಿಂತ ಎರಡು ಇಂಚು ಕೆಳಗಿರತ್ತೆ. ಅಂದ್ರೆ ಒಂದೇ ಗುಂಪಲ್ಲಿ ಓಡೋ ಎರಡು ನಾಯಿಗಳಿಗೆ ಒಂದೇ ಬಾರ್ ಒಂದೇ ಕಷ್ಟ ಅಲ್ಲ, ಗೆರೆಯಿಂದ ಸ್ವಲ್ಪವೇ ಮೇಲೆ ಬಿದ್ದ ನಾಯಿಗೆ ಯಾವಾಗ್ಲೂ ಜಾಸ್ತಿ ಕೆಲಸ. ನಿಮ್ಮ ಚುಕ್ಕಿ ಸರಿಯಾಗಿ ಗೆರೆ ಮೇಲೇ ನಿಂತಿದಾಳೆ, ಹಾಗಾಗಿ ನಿಮ್ಮ ಪ್ರಶ್ನೆ ನಿಜವಾಗ್ಲೂ ಮುಖ್ಯವಾದ್ದು. ಎತ್ತರದ ಮುಧೋಳ ನಾಯಿ ತಂದಿದ್ರೆ ಈ ಗೊಂದಲಾನೇ ಇರ್ತಿರ್ಲಿಲ್ಲ, 22 ದಾಟಿದ ಮೇಲೆ ಎಷ್ಟೇ ಎತ್ತರ ಇದ್ರೂ 24ಕ್ಕಿಂತ ಜಾಸ್ತಿ ಯಾರೂ ಹಾರಿಸಲ್ಲ.

ಎತ್ತರದ ಗುಂಪುಗಳು ಯಾವತ್ತೂ ಎಲ್ಲಾ ದೇಶದಲ್ಲೂ ಒಂದೇ ಥರ ಇದ್ದಿಲ್ಲ ಅನ್ನೋದೂ ಗೊತ್ತಿರ್ಲಿ. ಈ ಆಟ ಶುರುವಾಗಿದ್ದು 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಡಾಗ್ ಶೋನಲ್ಲಿ, ಜಾನ್ ವಾರ್ಲಿ ಅನ್ನೋರು ಕುದುರೆಗಳ ಶೋ ಜಂಪಿಂಗ್ ಮಾದರೀಲಿ ನಾಯಿಗಳಿಗೊಂದು ಆಟ ಮಾಡೋಣ ಅಂತ ಹೊರಟು, ಪೀಟರ್ ಮೀನ್‌ವೆಲ್ ಅನ್ನೋ ಟ್ರೈನರ್ ಜೊತೆ ಸೇರಿ ಪ್ರೇಕ್ಷಕರ ಮನರಂಜನೆಗೆ ಅಂತ ಮಾಡಿದ್ದು. ಅಮೆರಿಕದಲ್ಲಿ ಎ.ಕೆ.ಸಿ. ಇದನ್ನ ಶುರು ಮಾಡಿದ್ದು 1994ರಲ್ಲಿ. ಯೂರೋಪಿನ ಕಡೆ ನಡೆಯೋ ಎಫ್.ಸಿ.ಐ. ಅನ್ನೋ ಅಂತರರಾಷ್ಟ್ರೀಯ ನಾಯಿ ಸಂಸ್ಥೆಯ ನಿಯಮದಲ್ಲಿ ಎಷ್ಟೋ ವರ್ಷ ಮೂರೇ ಗುಂಪು ಇದ್ವು, 43 ಸೆಂಟಿಮೀಟರ್ ದಾಟಿದ್ರೆ ಎಲ್ಲಾ ನಾಯಿನೂ ಲಾರ್ಜ್. ಚುಕ್ಕಿ 46 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಆ ಕಾಲದಲ್ಲಿ ಅವಳು ಅಲ್ಲಿದ್ದಿದ್ರೆ ದೊಡ್ಡ ಶೆಫರ್ಡ್‌ಗಳ ಜೊತೆ ಕನಿಷ್ಠ 55 ಸೆಂಟಿಮೀಟರ್ ಹಾರಬೇಕಿತ್ತು. 2023ರಿಂದ ಅಲ್ಲಿ ಇಂಟರ್ಮೀಡಿಯೆಟ್ ಅಂತ ನಾಲ್ಕನೇ ಗುಂಪು ಬಂತು, 43ರಿಂದ 48ರ ಒಳಗಿನ ನಾಯಿಗಳಿಗೆ 45ರಿಂದ 50 ಸೆಂಟಿಮೀಟರ್ ಬಾರ್. ಮಧ್ಯದ ಸೈಜಿನ ನಾಯಿಗಳಿಗೆ ಇಷ್ಟು ವರ್ಷ ಆಗ್ತಿದ್ದ ಅನ್ಯಾಯ ಅಷ್ಟರ ಮಟ್ಟಿಗೆ ಸರಿಹೋಯ್ತು, ನನಗಂತೂ ತುಂಬಾ ಖುಷಿಯಾದ ಬದಲಾವಣೆ ಅದು. ಜರ್ಮನಿಲೋ ನೆದರ್ಲೆಂಡ್ಸಲ್ಲೋ ಇರೋ ನಿಮ್ಮ ಪರಿಚಯದೋರು ಬೇರೆ ನಂಬರ್ ಹೇಳಿದ್ರೆ ತಲೆ ಕೆಡಿಸ್ಕೋಬೇಡಿ, ಅವರದ್ದು ಸೆಂಟಿಮೀಟರ್ ಲೆಕ್ಕ, ಗುಂಪುಗಳೂ ಬೇರೆ. ಅಮೆರಿಕದಲ್ಲೇ ಯು.ಎಸ್.ಡಿ.ಎ.ಎ. ಥರದ ಬೇರೆ ಸಂಸ್ಥೆಗಳಿಗೆ ಅವರದ್ದೇ ಟೇಬಲ್ ಇದೆ. ಯಾರ ಟ್ರಯಲ್‌ಗೆ ಹೋಗ್ತೀರೋ ಅವರ ಟೇಬಲ್ ಮಾತ್ರ ನೋಡಿ.

ಮನೇಲಿ ಅಳೆಯೋದು ಹೇಗೆ ಅಂದ್ರೆ, ಬಟ್ಟೆ ಹೊಲಿಯೋ ಟೇಪ್ ಬಿಟ್ಬಿಡಿ. ಅದು ನಾಯಿ ಭುಜದ ಉಬ್ಬಿನ ಮೇಲೆ ಬಾಗ್ಕೊಂಡು ಹೋಗತ್ತೆ, ಅದಕ್ಕೇ ನಿಮಗೆ ಒಂದೊಂದ್ಸಲ ಒಂದೊಂದು ಬರ್ತಿರೋದು. ಕಾರ್ಪೆಟ್ ಇಲ್ಲದ ಗಟ್ಟಿ ನೆಲದ ಮೇಲೆ ಗೋಡೆ ಪಕ್ಕ ನಿಲ್ಲಿಸಿ, ಮುಂಗಾಲು ನೇರ ಕೆಳಗೆ ಇರ್ಬೇಕು, ತಲೆ ಸಹಜವಾಗಿ ಎತ್ತಿರ್ಬೇಕು, ಹಿಂಗಾಲು ಹಿಂದಕ್ಕೆ ಚಾಚಿರಬಾರ್ದು. ಅವಳ ತಲೆನ ಒಂದ್ಸಲ ಕೆಳಗೆ ಬಗ್ಗಿಸಿ ಬೆರಳಲ್ಲಿ ಮುಟ್ಟಿದ್ರೆ ಎರಡು ಮೂಳೆ ತುದಿ ಕೈಗೆ ಸಿಗತ್ತೆ, ಜಾಗ ಗುರುತು ಮಾಡ್ಕೊಂಡು ತಲೆ ಎತ್ತಿಸಿ, ಅದರ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೋಡೆಗೆ ತಾಗಿಸಿ ಪೆನ್ಸಿಲ್ ಗೆರೆ ಎಳೀರಿ, ನಾಯಿನ ಆಚೆ ಕಳಿಸಿ ಆಮೇಲೆ ನೆಲದಿಂದ ಗೆರೆಗೆ ಅಳೀರಿ. ಬೇರೆ ಬೇರೆ ದಿನ ಹೀಗೆ ಮಾಡಿದ್ರೆ ನಿಜವಾದ ಅಳತೆ ತಾನಾಗೇ ಕಾಣತ್ತೆ. ಕ್ಲಾಸಲ್ಲಿ ಟೀಚರ್ ಹತ್ರ ವಿಕೆಟ್ ಇದ್ರೆ ಇನ್ನೂ ಒಳ್ಳೇದು, ಕೇಳಿ ನೋಡಿ.

ವಿಕೆಟ್ ಅಂದ್ರೆ ಟ್ರಯಲ್ಲಲ್ಲಿ ಅಳೆಯೋ ಸಾಧನ, ತಲೆಕೆಳಗು ಮಾಡಿದ 'ಯು' ಆಕಾರದ ಚೌಕಟ್ಟು, ಅದರ ಅಡ್ಡಪಟ್ಟಿನ ಬೇಕಾದ ಎತ್ತರಕ್ಕೆ ಕೂರಿಸಿರ್ತಾರೆ. ಚುಕ್ಕಿಗೆ 18ಕ್ಕೆ ಇಟ್ಟು ಮೇಲಿಂದ ವಿದರ್ಸ್ ಮೇಲೆ ಇಳಿಸ್ತಾರೆ. ಚೌಕಟ್ಟಿನ ಎರಡೂ ಕಾಲು ನೆಲಕ್ಕೆ ಕೂತ್ರೆ ಅವಳು 18 ಅಥವಾ ಒಳಗೆ. ಅಡ್ಡಪಟ್ಟಿ ಹೆಗಲ ಮೇಲೆ ನಿಂತು ಕಾಲು ನೆಲಕ್ಕೆ ಮುಟ್ಟದೆ ಗಾಳೀಲಿ ಉಳಿದ್ರೆ 18ಕ್ಕಿಂತ ಮೇಲೆ. ಇದರಲ್ಲಿ ಕಾಲು ಇಂಚು ಅರ್ಧ ಇಂಚು ಅಂತ ಓದೋದೇನೂ ಇಲ್ಲ, ಕೂತ್ತಾ ಇಲ್ವಾ ಅಷ್ಟೇ. ಇದನ್ನ ಮಾಡೋರು ಅದಕ್ಕಂತ ತರಬೇತಿ ಪಡೆದ ವಾಲಂಟಿಯರ್ ಮೆಷರಿಂಗ್ ಅಫಿಷಿಯಲ್, ವಿ.ಎಂ.ಒ. ಅಂತ ಕರೀತಾರೆ. ಎರಡು ವರ್ಷ ತುಂಬಿದ ಮೇಲೆ ಬೇರೆ ಬೇರೆಯವರು ಎರಡು ಸಲ ಅಳೆದು ಎರಡೂ ಒಂದೇ ಬಂದ್ರೆ ಖಾಯಂ ಹೈಟ್ ಕಾರ್ಡ್ ಬರತ್ತೆ, ಒಂದಕ್ಕೊಂದು ತಾಳೆ ಆಗ್ಲಿಲ್ಲ ಅಂದ್ರೆ ಮೂರನೇ ಸಲ ಅಳೀತಾರೆ. ಚುಕ್ಕಿಗೆ ಮೂರು ವರ್ಷ ಆಗಿರೋದ್ರಿಂದ ಮೊದಲ ಟ್ರಯಲ್‌ನಿಂದಲೇ ಈ ಲೆಕ್ಕ ಶುರು. ಕಾರ್ಡ್ ಬರೋವರೆಗೂ ಟ್ರಯಲ್ ದಿನ ಬೆಳಿಗ್ಗೆ ಮೊದಲು ಹೋಗೋದು ಮೆಷರಿಂಗ್ ಜಾಗಕ್ಕೆ ಅಂತ ಇಟ್ಕೊಳ್ಳಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ತೀನಿ, ಇದು ಬರೀ ಇಂಡಿ ನಾಯಿಗಳ ವಿಷಯ. ಬೀದೀಲಿ ಹುಟ್ಟಿ ಬೆಳೆದ ನಾಯಿಗೆ ಗುರುತಿಲ್ಲದ ಮನುಷ್ಯ ಮೇಲಿಂದ ಬಗ್ಗಿ ಏನೋ ಒಂದು ವಸ್ತು ಇಳಿಸ್ತಿದಾನೆ ಅಂದ್ರೆ ಅದಕ್ಕೆ ಹಳೇ ನೆನಪು ಏನೇನಿರತ್ತೋ. ಎಷ್ಟೋ ಒಳ್ಳೊಳ್ಳೆ ನಾಯಿಗಳು ಕೋರ್ಸಲ್ಲಿ ಬಾಣದ ಥರ ಓಡ್ತಾವೆ, ವಿಕೆಟ್ ಕೆಳಗೆ ಮಾತ್ರ ಬೆನ್ನು ಬಗ್ಗಿಸ್ಕೊಂಡು ಕಾಲು ಮಡಚಿ ನೆಲಕ್ಕೆ ಅಂಟ್ಕೊಂಡು ಬಿಡ್ತಾವೆ. ಹಾಗೆ ಕುಗ್ಗಿದ್ರೆ ಅಳತೆ ಕಮ್ಮಿ ಬಂದು ಲಾಭ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ನೆಟ್ಟಗೆ ನಿಲ್ಲೋವರೆಗೂ ಅಫಿಷಿಯಲ್ ಕಾಯ್ತಾರೆ, ಆ ಕಾಯೋ ಹೊತ್ತಲ್ಲಿ ನಾಯಿ ಇನ್ನಷ್ಟು ಹೆದರತ್ತೆ, ಆ ಭಯ ಇಟ್ಕೊಂಡೇ ರಿಂಗಿಗೆ ಬರತ್ತೆ. ಅದಕ್ಕೆ ಈಗ್ಲಿಂದ್ಲೇ ಮನೇಲಿ ಅಭ್ಯಾಸ ಮಾಡಿಸಿ. ಹಾರ್ಡ್‌ವೇರ್ ಅಂಗಡಿಯಿಂದ ಮೂರು ತುಂಡು ಪಿ.ವಿ.ಸಿ. ಪೈಪು ಎರಡು ಎಲ್ಬೋ ತಂದ್ರೆ ವಿಕೆಟ್ ಆಕಾರ ರೆಡಿ. ಮೊದಲು ನೆಲದ ಮೇಲಿಟ್ಟು ಮೂಸೋಕೆ ಬಿಡಿ, ತಿಂಡಿ ಕೊಡಿ, ಆಮೇಲೆ ಪಕ್ಕದಲ್ಲಿ ಎತ್ತಿ ಹಿಡೀರಿ, ಆಮೇಲೆ ಬೆನ್ನ ಮೇಲಿಂದ ಮುಟ್ಟಿಸದೆ ಆಡಿಸಿ, ಆಮೇಲೆ ಹೆಗಲಿಗೆ ಮೆಲ್ಲಗೆ ತಾಗಿಸಿ. ಅವಳು ನಿಮ್ಮ ಮುಖ ನೋಡ್ತಾ ನೆಟ್ಟಗೆ ನಿಲ್ಲೋದು ಕಲಿತ ಮೇಲೆ ಮನೆಗೆ ಬರೋ ಸ್ನೇಹಿತರ ಕೈಲಿ ಮಾಡಿಸಿ, ಟೋಪಿ ಹಾಕಿರೋರು, ಗಡ್ಡ ಇರೋರು, ಎಲ್ಲರ ಕೈಲೂ. ಅಳೆಯುವಾಗ ನಾಯಿನ ನೀವೇ ಹಿಡ್ಕೊಂಡು ಮುಂದೆ ನಿಲ್ಲಬಹುದು, ಅವಳಿಗೆ ಅದೊಂದು ಧೈರ್ಯ.

ಈಗ ನಿಮ್ಮನೆ ವಾದಕ್ಕೆ ಬರ್ತೀನಿ. ಪ್ರಿಫರ್ಡ್ ವಯಸ್ಸಾದ ನಾಯಿಗಳಿಗೆ ಅನ್ನೋದು ನಿಯಮದಲ್ಲಿ ಎಲ್ಲೂ ಇಲ್ಲ ಅಂತ ಯಜಮಾನ್ರಿಗೆ ಹೇಳಿ. ಯಾವ ವಯಸ್ಸಿನ ಯಾವ ನಾಯಿ ಬೇಕಾದ್ರೂ ಹಾಕಬಹುದು, ಕಾರಣ ಕೊಡ್ಬೇಕಾಗಿಲ್ಲ, ಡಾಕ್ಟರ್ ಚೀಟಿ ಬೇಡ. ವಯಸ್ಸಾದ ನಾಯಿಗಳು ಅಲ್ಲಿ ಜಾಸ್ತಿ ಕಾಣ್ತಾವೆ ನಿಜ, ಹಾಗೇ ಉದ್ದ ಬೆನ್ನಿನವು, ಭಾರ ಮೈಯವು, ಒಂದ್ಸಲ ಗಾಯ ಆಗಿ ವಾಪಸ್ ಬಂದವು, ಮತ್ತೆ ನಿಮ್ಮ ಥರ ಗೆರೆಯಿಂದ ಚೂರು ಮೇಲೆ ಬಿದ್ದವೂ ಇರ್ತಾವೆ. ಬಾರ್ 4 ಇಂಚು ಕಮ್ಮಿ, ಕೋರ್ಸ್ ಟೈಮಿಗೆ 5 ಸೆಕೆಂಡ್ ಜಾಸ್ತಿ, ಉಳಿದಂತೆ ಅದೇ ಕೋರ್ಸ್, ಅದೇ ಜಡ್ಜ್, ಅದೇ ತಪ್ಪು ಒಪ್ಪು. ರೆಗ್ಯುಲರ್‌ನಲ್ಲಿ ಮ್ಯಾಕ್ ಅಂತ ಚಾಂಪಿಯನ್ ಟೈಟಲ್ ಇದ್ದ ಹಾಗೆ ಪ್ರಿಫರ್ಡ್‌ನಲ್ಲಿ ಪ್ಯಾಕ್ ಇದೆ, ಎರಡಕ್ಕೂ 750 ಪಾಯಿಂಟ್, 20 ಡಬಲ್ ಕ್ಯೂ ಬೇಕು, ಡಬಲ್ ಕ್ಯೂ ಅಂದ್ರೆ ಒಂದೇ ದಿನ ಸ್ಟಾಂಡರ್ಡ್ (ಎಲ್ಲಾ ಥರದ ಅಡೆತಡೆ ಇರೋದು) ಮತ್ತೆ ಜಂಪರ್ಸ್ (ಮುಖ್ಯವಾಗಿ ಜಂಪ್ ಇರೋದು) ಎರಡರಲ್ಲೂ ಎಲ್ಲಕ್ಕಿಂತ ಮೇಲಿನ ಮಾಸ್ಟರ್ಸ್ ಮಟ್ಟದಲ್ಲಿ ಕ್ವಾಲಿಫೈ ಆಗೋದು. ಅದನ್ನ ಗಳಿಸಿದ ನಾಯಿನ ಯಾರೂ ಕಮ್ಮಿ ಅಂತ ನೋಡಲ್ಲ, ನೋಡಬಾರ್ದು ಕೂಡ.

ನಿಮ್ಮ ವಿಷಯದಲ್ಲಿ ಲೆಕ್ಕ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ. ಚುಕ್ಕಿ 18ರ ಒಳಗೆ ಬಂದ್ರೆ ರೆಗ್ಯುಲರ್‌ನಲ್ಲಿ ಅವಳ ಬಾರ್ 16. 18ಕ್ಕಿಂತ ಮೇಲೆ ಬಂದ್ರೆ ಪ್ರಿಫರ್ಡ್‌ನಲ್ಲಿ ಅವಳ ಬಾರ್ 16. ಅಳತೆ ಯಾವ ಕಡೆ ವಾಲಿದ್ರೂ ಅವಳು ಆರಾಮಾಗಿ ಹಾರೋ 16 ಇಂಚಲ್ಲೇ ಓಡಿಸೋ ದಾರಿ ಇದೆ. ಹಾಗಾಗಿ ಅಭ್ಯಾಸ 16ರಲ್ಲೇ ನಡೀಲಿ, ಫಾರ್ಮಲ್ಲಿ ಯಾವ ಕ್ಲಾಸ್ ಅನ್ನೋದು ಮಾತ್ರ ಅಳತೆ ನೋಡ್ಕೊಂಡು ಬರೆಯೋದು. ಗೋಡೆ ಅಳತೇಲಿ, ಟೀಚರ್ ವಿಕೆಟ್ಟಲ್ಲಿ, ಎರಡರಲ್ಲೂ ಸ್ಪಷ್ಟವಾಗಿ 18ರ ಒಳಗೆ ಬಂದ್ರೆ ರೆಗ್ಯುಲರ್ 16 ಬರೀರಿ. ಸ್ವಲ್ಪ ಅನುಮಾನ ಇದ್ರೂ ಪ್ರಿಫರ್ಡ್ 16 ಬರೀರಿ. ಯಾಕೆ ಅಂದ್ರೆ ಅನುಮಾನ ಇಟ್ಕೊಂಡು ರೆಗ್ಯುಲರ್ 16 ಬರೆದು ಅಲ್ಲಿ ವಿಕೆಟ್ ಕೂರ್ಲಿಲ್ಲ ಅಂದ್ರೆ ಆ ದಿನ ಅವಳನ್ನ ರೆಗ್ಯುಲರ್ 20ಕ್ಕೆ ಏರಿಸ್ತಾರೆ, ಹೊಸ ಜಾಗ, ಹೊಸ ಗದ್ದಲ, ಮೊದಲ ಟ್ರಯಲ್, ಅದರ ಮೇಲೆ ಕ್ಲಾಸಲ್ಲೇ ಬೀಳಿಸೋ ಎತ್ತರ. ಪ್ರಿಫರ್ಡ್ 16 ಬರೆದಾಗ ಅಳತೆ ಕಮ್ಮಿ ಬಂದ್ರೂ ಆಗೋದು ಇಷ್ಟೇ, ಅವಳ ಗುಂಪು ಪ್ರಿಫರ್ಡ್ 12ರದ್ದಾಗತ್ತೆ, ಅದು ಇನ್ನೂ ಸುಲಭ. ನಷ್ಟ ಏನಿಲ್ಲ.

20 ಅವಳ ಕೈಲಿ ಆಗಲ್ಲ ಅಂತ ನಾನು ಹೇಳ್ತಿಲ್ಲ. ಇಂಡಿ ನಾಯಿಗಳ ಮೈಕಟ್ಟು ಹಗುರ, ಕಾಲು ಉದ್ದ, ಹಾರೋಕೆ ಹೇಳಿ ಮಾಡ್ಸಿದ ಹಾಗಿರ್ತಾವೆ. ಆದ್ರೆ ಬಾರ್ ಬೀಳಿಸೋದಕ್ಕೆ ಕಾರಣ ಹುಡುಕದೆ ಎತ್ತರ ಏರಿಸೋದು ಸರಿಯಲ್ಲ. ಕ್ಲಾಸಲ್ಲಿ ಒಬ್ರ ಕೈಗೆ ಫೋನ್ ಕೊಟ್ಟು 20 ಇಂಚಿನ ಬಾರ್ ಪಕ್ಕದಿಂದ ಸ್ಲೋ ಮೋಷನ್ ತೆಗೆಸಿ ನೋಡಿ. ಮುಂಗಾಲು ತಾಗಿದ್ರೆ ಸಾಮಾನ್ಯವಾಗಿ ಬಾರಿಗೆ ತೀರಾ ಹತ್ರ ಹೋಗಿ ನೆಗೆದಿರ್ತಾಳೆ, ಇಲ್ಲಾ ತುಂಬಾ ದೂರದಿಂದ ನೆಗೆದು ಇಳಿಯೋ ಹೊತ್ತಿಗೆ ಸಿಕ್ಕಿರ್ತಾಳೆ. ಹಿಂಗಾಲು ತಾಗ್ತಿದ್ರೆ ಬಾರ್ ಇನ್ನೂ ದಾಟೋ ಮುಂಚೆ ಮೈ ತಿರುಗಿಸ್ತಿದಾಳೆ ಅಂತ ಅರ್ಥ, ಬಹಳ ಸಲ ಅದು ನಿಮ್ಮ ತಪ್ಪಾಗಿರತ್ತೆ, ಅವಳು ಗಾಳೀಲಿರುವಾಗ್ಲೇ ನೀವು ಮುಂದಿನದಕ್ಕೆ ಕೂಗಿರ್ತೀರಿ ಅಥವಾ ಭುಜ ತಿರುಗಿಸಿರ್ತೀರಿ, ಅವಳು ನಿಮ್ಮನ್ನ ನೋಡೋಕೆ ತಿರುಗ್ತಾಳೆ, ಹಿಂಗಾಲು ಇಳೀತದೆ. ಮೊದಮೊದಲು ಸರಿಯಾಗಿ ಹಾರಿ ಕ್ಲಾಸ್ ಕೊನೆಕೊನೆಗೆ ಬೀಳಿಸೋಕೆ ಶುರು ಮಾಡಿದ್ರೆ ಸುಸ್ತಾಗಿದೆ. ಮೊದಲೆಲ್ಲ ಹಾರ್ತಿದ್ದವಳು ಈಗ ಇದ್ದಕ್ಕಿದ್ದ ಹಾಗೆ ಬೀಳಿಸ್ತಿದ್ರೆ, ಅಥವಾ ಬಾರ್ ಹತ್ರ ಬಂದು ಅನುಮಾನಿಸಿದ್ರೆ, ಟ್ರೈನಿಂಗ್ ನಿಲ್ಲಿಸಿ ಮೂಳೆ ಕೀಲು ನೋಡೋ ವೆಟ್ ಹತ್ರ ಕರ್ಕೊಂಡು ಹೋಗಿ. ಮರಿಯಾಗಿದ್ದಾಗ ಹೊಟ್ಟೆಗೆ ಸರಿಯಾಗಿ ಸಿಗದೆ, ಯಾವ್ದೋ ಗಾಡಿ ತಾಗಿ, ಹೀಗೆ ಬೀದೀಲಿ ಬೆಳೆದ ನಾಯಿಗಳ ಮೈಯಲ್ಲಿ ನಮಗೆ ಗೊತ್ತಿಲ್ಲದ ಎಷ್ಟೋ ಹಳೇ ಏಟುಗಳು ಇರಬಹುದು, ಸೊಂಟ ಮತ್ತೆ ಮಂಡಿ ಒಂದ್ಸಲ ಪರೀಕ್ಷೆ ಮಾಡಿಸಿದ್ರೆ ನಿಮಗೂ ನೆಮ್ಮದಿ. ನಾಯಿ ನೋವು ಅಂತ ಬಾಯ್ಬಿಟ್ಟು ಹೇಳಲ್ಲ ಮೇಡಂ, ನಿಮ್ಮ ಖುಷಿಗೆ ಅಂತ ಹಾರ್ತಾನೇ ಇರತ್ತೆ, ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಹಠ ಮಾಡೋದು.

ಬಾರ್ ಬಿದ್ರೆ ಏನಾಗತ್ತೆ ಅನ್ನೋದೂ ಗೊತ್ತಿರ್ಲಿ, ಯಾಕಂದ್ರೆ ಹೈಟ್ ಆರಿಸೋದಕ್ಕೂ ಇದಕ್ಕೂ ನೇರ ಸಂಬಂಧ. ಎಫ್.ಸಿ.ಐ. ಥರ ಕೆಲವು ಕಡೆ ಬಾರ್ ಬಿದ್ರೆ 5 ಫಾಲ್ಟ್ ಹಾಕಿ ಮುಂದೆ ಬಿಡ್ತಾರೆ. ಎ.ಕೆ.ಸಿ.ಲಿ ಹಾಗಲ್ಲ, ಹೊಸಬರ ನಾವಿಸ್ ಮಟ್ಟ ಆದ್ರೂ ಸರಿ ಮಾಸ್ಟರ್ಸ್ ಆದ್ರೂ ಸರಿ, ಒಂದು ಬಾರ್ ಬಿತ್ತು ಅಂದ್ರೆ ಆ ರನ್ ಕ್ವಾಲಿಫೈ ಆಗಲ್ಲ. ನಾವಿಸ್‌ನಲ್ಲಿ ಬೇರೆ ತಪ್ಪುಗಳಿಗೆ ಸ್ವಲ್ಪ ಕರುಣೆ ಇದೆ, 100ಕ್ಕೆ 85 ಬಂದ್ರೆ ಸಾಕು, ಒಂದೆರಡು ಸಲ ನಾಯಿ ಜಂಪ್ ಮುಂದೆ ಬಂದು ತಿರುಗಿ ಹೋದ್ರೂ ಉಳ್ಕೋಬಹುದು, ಬಾರಿಗೆ ಮಾತ್ರ ಕರುಣೆ ಇಲ್ಲ. ಆಗಾಗ ಬೀಳಿಸೋ ಎತ್ತರಕ್ಕೆ ಎಂಟ್ರಿ ಫೀ ಕಟ್ಟೋದು ಯಾಕೆ ಬೇಡ ಅಂತೀನಿ ಅನ್ನೋದು ಇದರಿಂದ ಅರ್ಥ ಆಗ್ಬೋದು. ಎಲ್ಲಾ ಸರಿಹೋಗಿ ಒಂದು ಕ್ಲಾಸಲ್ಲಿ ಮೂರು ಸಲ, ಕನಿಷ್ಠ ಇಬ್ಬರು ಬೇರೆ ಜಡ್ಜ್‌ಗಳ ಕೆಳಗೆ ಕ್ವಾಲಿಫೈ ಆದ್ರೆ ಮೊದಲ ಟೈಟಲ್. ಒಂದು ನೆನಪಿಡಿ, ಪ್ರಿಫರ್ಡ್‌ನಲ್ಲಿ ಗಳಿಸಿದ ಕ್ಯೂ ರೆಗ್ಯುಲರ್ ಲೆಕ್ಕಕ್ಕೆ ಬರಲ್ಲ, ರೆಗ್ಯುಲರ್‌ದ್ದು ಪ್ರಿಫರ್ಡ್ ಲೆಕ್ಕಕ್ಕೂ ಬರಲ್ಲ. ಮುಂದೆ ಯಾವತ್ತಾದ್ರೂ 20 ಸಲೀಸಾಯ್ತು, ರೆಗ್ಯುಲರ್‌ಗೆ ಹೋಗ್ತೀವಿ ಅಂದ್ರೆ ಹೋಗಬಹುದು, ಖಾತೆ ಮಾತ್ರ ಬೇರೆ.

ಎಂಟ್ರಿ ಹಾಕೋದು ಕಷ್ಟ ಏನಲ್ಲ. ಎ.ಕೆ.ಸಿ. ಈವೆಂಟ್ ಸರ್ಚ್‌ನಲ್ಲಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯ ಅಂತ ಹಾಕಿ ಹುಡುಕಿದ್ರೆ ಹತ್ತಿರದ ಟ್ರಯಲ್ ಎಲ್ಲಾ ಸಿಗತ್ತೆ, ನೀವಿರೋ ಕಡೆ ಅದಕ್ಕೇನೂ ಕೊರತೆ ಇಲ್ಲ. ಪ್ರತಿ ಟ್ರಯಲ್‌ಗೂ ಪ್ರೀಮಿಯಂ ಲಿಸ್ಟ್ ಅಂತ ಒಂದು ಪಿ.ಡಿ.ಎಫ್. ಇರತ್ತೆ, ಅದನ್ನ ಪೂರ್ತಿ ಓದಿ, ಮೇಲ್ಮೇಲೆ ಅಲ್ಲ. ಕ್ಲೋಸಿಂಗ್ ಡೇಟ್ ಯಾವತ್ತು, ಎಂಟ್ರಿ ಬಂದ ಕ್ರಮದಲ್ಲಿ ತಗೋತಾರಾ ಇಲ್ಲಾ ಲಾಟರಿ ಎತ್ತುತ್ತಾರಾ, ನೆಲ ಮಣ್ಣಾ ಹುಲ್ಲಾ ಟರ್ಫಾ, ಒಳಾಂಗಣನಾ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರತ್ತಾ, ರಿಂಗಿಗೆ ಬೇಲಿ ಇದೆಯಾ, ಎಲ್ಲಾ ಅದರಲ್ಲೇ ಇರತ್ತೆ. ಚುಕ್ಕಿ ಥರದ ನಾಯಿಗೆ ಬೇಲಿ ಇರೋ ಒಳಾಂಗಣ ಆರಿಸಿ, ಗಾಬರಿಯಾಗಿ ಓಡಿದ್ರೂ ರಸ್ತೆಗೆ ಹೋಗಬಾರ್ದು. ಅರ್ಥ ಆಗದ್ದನ್ನ ಟ್ರಯಲ್ ಸೆಕ್ರೆಟರಿಗೆ ಮೇಲ್ ಹಾಕಿ ಕೇಳಿ, ಹೊಸಬರ ಪ್ರಶ್ನೆಗೆ ಉತ್ತರ ಕೊಟ್ಟು ಅವರಿಗೆ ಅಭ್ಯಾಸ ಇರತ್ತೆ. ನೀವು ಇದುವರೆಗೆ ಯಾವ ನಾಯಿಗೂ ಅಜಿಲಿಟಿ ಟೈಟಲ್ ಮಾಡಿಸಿಲ್ಲದೋರು, ರೆಗ್ಯುಲರ್‌ಗೆ ಹಾಕೋದಾದ್ರೆ ನಾವಿಸ್ 'ಎ' ನಿಮ್ಮ ಜಾಗ, 'ಬಿ' ಅನುಭವ ಇರೋರಿಗೆ. ಪ್ರಿಫರ್ಡ್ ಆದ್ರೆ ನಾವಿಸ್ ಪ್ರಿಫರ್ಡ್ ಅಂತ ಬರೀರಿ. ಕ್ಲಾಸ್ ಯಾವ್ದು ಅಂದ್ರೆ ಮೊದಲ ಸಲಕ್ಕೆ ಜಂಪರ್ಸ್ ವಿತ್ ವೀವ್ಸ್ ಮಾತ್ರ ಸಾಕು ಅನ್ನೋದು ನನ್ನ ಅಭಿಪ್ರಾಯ, ಅದರಲ್ಲಿ ಎ ಫ್ರೇಮ್, ಡಾಗ್ ವಾಕ್, ಸೀಸಾ, ಟೇಬಲ್ ಥರ ನಾಯಿ ಮೇಲೆ ಹತ್ತಬೇಕಾದ್ದು ಯಾವ್ದೂ ಇರಲ್ಲ, ಜಂಪು, ಟನಲ್ಲು, ನಾವಿಸ್‌ಗೆ ಆರೇ ಆರು ವೀವ್ ಕಂಬ (ನಾಯಿ ಅಂಕುಡೊಂಕಾಗಿ ನುಸುಳೋ ಕಂಬಗಳು). ಬೇರೆ ಜಾಗದ ಸೀಸಾ ಸದ್ದು ಮಾಡೋ ರೀತಿನೇ ಬೇರೆ ಇರತ್ತೆ, ಹೊಸ ನಾಯಿ ಅದಕ್ಕೆ ಹೆದರಿ ಬಿಟ್ರೆ ಸರಿ ಮಾಡೋಕೆ ತಿಂಗಳುಗಟ್ಟಲೆ ಬೇಕು.

ಟ್ರಯಲ್ ದಿನ ಬಾರ್‌ಗಳು ಗುಂಪಿನ ಪ್ರಕಾರ ಬದಲಾಗ್ತಾ ಹೋಗತ್ತೆ, ಎತ್ತರದಿಂದ ಕೆಳಗೆ ಬರ್ತಾರಾ ಕೆಳಗಿಂದ ಮೇಲೆ ಹೋಗ್ತಾರಾ ಅಂತ ಮೊದಲೇ ಕಳಿಸೋ ಜಡ್ಜಿಂಗ್ ಪ್ರೋಗ್ರಾಂನಲ್ಲಿರತ್ತೆ. ಅದನ್ನ ನೋಡ್ಕೊಂಡು ನಿಮ್ಮ ಸರದಿ ಲೆಕ್ಕ ಹಾಕಿ, ಚುಕ್ಕಿನ ತುಂಬಾ ಮುಂಚೆ ರಿಂಗ್ ಹತ್ರ ತಂದು ಕಾಯಿಸಬೇಡಿ, ಕಾರಲ್ಲೋ ಕ್ರೇಟಲ್ಲೋ ನೆಮ್ಮದಿಯಾಗಿರ್ಲಿ. ಕೋರ್ಸ್ ವಾಕ್ ನಾಯಿ ಇಲ್ಲದೆ ನೀವೊಬ್ಬರೇ ಹೋಗಿ ನಡೆಯೋದು, ಕೊಟ್ಟಿರೋ ಅಷ್ಟೂ ಹೊತ್ತು ನಡೀರಿ. ರಿಂಗೊಳಗೆ ತಿಂಡಿ ತಗೊಂಡು ಹೋಗೋ ಹಾಗಿಲ್ಲ, ಜೇಬಲ್ಲಿ ಒಂದು ತುಂಡು ಇದ್ರೂ ತೆಗೆದಿಟ್ಟು ಹೋಗಿ. ಕೊರಳಲ್ಲಿ ಜೋತಾಡೋ ಬಿಲ್ಲೆ ಇರಬಾರ್ದು. ಒಳಗೆ ಕಾಲಿಡುವಾಗ ಮೊದಲ ಬಾರ್ ಕಡೆ ಒಂದ್ಸಲ ಕಣ್ಣು ಹಾಯಿಸಿ, ಹಿಂದಿನ ಗುಂಪಿನ ಎತ್ತರದಲ್ಲೇ ಉಳಿದಿದೆ ಅನ್ಸಿದ್ರೆ ನಾಯಿನ ಬಿಡೋ ಮುಂಚೆ ಕೈ ಎತ್ತಿ ಜಡ್ಜ್‌ಗೆ ಹೇಳಿ, ಬಾರ್ ಇಡೋರೂ ಮನುಷ್ಯರು, ಬೆಳಿಗ್ಗೆಯಿಂದ ಬಿಸಿಲಲ್ಲಿ ಧೂಳಲ್ಲಿ ಓಡಾಡ್ತಿರ್ತಾರೆ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಅವಳು ಹೊಸ ಜಾಗಕ್ಕೆ ಹೆದರ್ತಾಳೆ ಅನ್ನೋ ಭಯ ಜಾಸ್ತಿ ಇದ್ರೆ ಎಫ್.ಇ.ಒ. ಅಂತ ಒಂದು ದಾರಿ ಇದೆ, ಸ್ಪರ್ಧೆಗಲ್ಲ ಅಭ್ಯಾಸಕ್ಕೆ ಓಡಿಸ್ತೀನಿ ಅಂತ ಮೊದಲೇ ತಿಳಿಸಿ, ಸದ್ದು ಮಾಡದ ಆಟಿಕೆ ಒಳಗೆ ತಗೊಂಡು ಹೋಗಿ ಅವಳಿಗೆ ರಿಂಗಲ್ಲೇ ಆಟ ಆಡಿಸಬಹುದು, ಸ್ಕೋರ್ ಇರಲ್ಲ. ಮೊದಲ ಟ್ರಯಲ್‌ನ ಹೀಗೆ ಮಾಡಿದ ಎಷ್ಟೋ ನಾಯಿಗಳು ಮುಂದೆ ರಿಂಗ್ ಅಂದ್ರೆ ಎಳ್ಕೊಂಡು ಹೋಗೋ ಹಾಗಾಗಿವೆ.

ಎರಡೂ ದಿನ ಹಾಕಬೇಡಿ. ಶನಿವಾರ ಒಂದು ದಿನ, ಒಂದೇ ರನ್. ಭಾನುವಾರ ಬೇಕಾದ್ರೆ ನಾಯಿನ ಮನೇಲಿ ಬಿಟ್ಟು ನೀವು ಯಜಮಾನ್ರು ಇಬ್ಬರೂ ಹೋಗಿ ಬಾರ್ ಸೆಟ್ಟಿಂಗ್‌ಗೆ ವಾಲಂಟಿಯರ್ ಆಗಿ, ಕ್ಲಬ್‌ನವರು ಊಟನೂ ಕೊಡ್ತಾರೆ, ರಿಂಗ್ ಮಧ್ಯದಲ್ಲಿ ಕೂತು 16ರಲ್ಲೂ 20ರಲ್ಲೂ ಚುಕ್ಕಿ ಸೈಜಿನ ನಾಯಿಗಳು ಹೇಗೆ ಹಾರ್ತಾವೆ ಅಂತ ಹತ್ತಿರದಿಂದ ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಪ್ರಿಫರ್ಡ್ ಬೇಡ ಅಂತಿರೋ ಯಜಮಾನ್ರನ್ನ ಆವತ್ತು ಪ್ರಿಫರ್ಡ್ ಗುಂಪು ಓಡೋವಾಗ್ಲೇ ಬಾರ್ ಹತ್ರ ಕೂರಿಸಿ.